ಹನ್ನೆರಡು ಪಾದದ ನೆರಳು

ನನ್ನನ್ನು ಆಲ್ಜೀಬ್ರಾಕ್ಕೆ ಸೇರಿಸಲಿಲ್ಲ. ಹುಣಸೂರಿನ ಹೈಸ್ಕೂಲಿನಲ್ಲಿ ಎರಡನೇ ವರ್ಷಕ್ಕೆ ಬಂದಾಗ ಗಣಿತವನ್ನು ಎರಡು ಪಾಲು ಮಾಡಿದರು. ಮುಂದೆ ಮೈಸೂರಿಗೆ ಹೋಗಿ ಸೈನ್ಸ್ ಓದುವ ಹುಡುಗರಿಗೆ ಆಲ್ಜೀಬ್ರಾ, ರೇಖಾಗಣಿತ. ಉಳಿದವರಿಗೆ ದಿನಬಳಕೆಯ ಗಣಿತ. ಉಳಿದವರು ಅಂದರೆ ಹಿಂದಿನ ವರ್ಷ ಗೋತಾ ಹೊಡೆದವರು, ಅಪ್ಪನ ಅಂಗಡಿಯಲ್ಲಿ ಕೂರುವುದು ಖಾತ್ರಿಯಾದವರು, ಮತ್ತೆ ಹೆಣ್ಣುಮಕ್ಕಳು. ಇಡೀ ತರಗತಿಗೆ ನಾವು ಮೂರೇ ಹುಡುಗಿಯರು. ನನಗೆ ಗಣಿತದಲ್ಲಿ ನೂರಕ್ಕೆ ಎಂಬತ್ತೆಂಟು ಬಂದಿತ್ತು. ಆದರೂ ಹೆಡ್‌ಮಾಸ್ಟರು "ನಿನಗ್ಯಾಕಮ್ಮ ಎಕ್ಸು, ವೈಯು" ಎಂದು ನನ್ನ ಹೆಸರು ಹೊಡೆದುಹಾಕಿದರು. ಬಂದ ಸಿಟ್ಟಿಗೆ ಆವತ್ತು ಮಧ್ಯಾಹ್ನ ಊಟ ಬಿಟ್ಟೆ. ಸಂಜೆ ಹಸಿವು ತಾಳದೆ ಎರಡರಷ್ಟು ತಿಂದೆ, ಅದು ಬೇರೆ ಮಾತು.

ಆ ದಿನಬಳಕೆಯ ಗಣಿತಕ್ಕೆ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲವಂತೆ. ಪಾಠ ಮಾಡಲು ಬಂದವರು ಬಡಕಲು ಮೈಯ ಒಬ್ಬ ಮೇಷ್ಟ್ರು. ಮಳೆಗಾಲ ಬೇಸಿಗೆ ಎನ್ನದೆ ಕಂಕುಳಲ್ಲಿ ಕೊಡೆ ಇರುಕಿಕೊಂಡೇ ಬರುತ್ತಿದ್ದರು. ಮೊದಲ ದಿನ ಕುರ್ಚಿಯಲ್ಲಿ ಕೂತು, "ನಿಮ್ಮ ನಿಮ್ಮ ಊರಲ್ಲಿ ಯಾವುದನ್ನ ಹೇಗೆ ಅಳೀತೀರಿ, ಹೇಳಿ ನೋಡೋಣ. ಪುಸ್ತಕ ಬರೋವರೆಗೂ ಅದೇ ಪಾಠ" ಎಂದರು. ಪುಸ್ತಕ ಆ ವರ್ಷ ಬರಲೇ ಇಲ್ಲ. ನಮ್ಮ ಪುಣ್ಯ.

ಎಚ್.ಡಿ. ಕೋಟೆ ಕಡೆಯ ಹುಡುಗನೊಬ್ಬ ಎದ್ದು, ತನ್ನ ಹಳ್ಳಿ ಸರಗೂರಿನಿಂದ ಮೂರು ಕೂಗಳತೆ ಎಂದ. ಮೇಷ್ಟ್ರು ನಗಲಿಲ್ಲ. "ಯಾರ ಕೂಗು?" ಎಂದು ಕೇಳಿದರು. ಹುಡುಗ ತಲೆ ಕೆರೆದುಕೊಂಡು, "ನಮ್ಮಪ್ಪಂದು ಸಾರ್" ಎಂದ. ಸರಿ, ಇಡೀ ತರಗತಿ ಬಯಲಿಗೆ ಹೊರಟಿತು. ಅವನು ಒಂದು ತುದಿಯಲ್ಲಿ ನಿಂತು ಕೂಗುವುದು, ನಾವು ಹಿಂದೆ ಹಿಂದೆ ಹೋಗುತ್ತಾ ಕೇಳಿಸದ ಜಾಗದಲ್ಲಿ ಕಲ್ಲು ಇಡುವುದು. ಅವನಾದ ಮೇಲೆ ಪಿರಿಯಾಪಟ್ಟಣದ ಒಬ್ಬ ಕೂಗಿದ. ಅವನ ಗಂಟಲು ಎಂಥದ್ದೆಂದರೆ ನಾವು ಬೇಲಿಗೆ ಬೆನ್ನು ತಾಗಿಸಿ ನಿಂತರೂ ಕೇಳಿಸುತ್ತಲೇ ಇತ್ತು, ಕಲ್ಲು ಕೈಯಲ್ಲೇ ಉಳಿಯಿತು. ಇನ್ನೊಂದು ದಿನ ಕೆ.ಆರ್. ನಗರದ ಸೇರಿಗೂ ಹುಣಸೂರಿನ ಸೇರಿಗೂ ಜಗಳ ಹತ್ತಿತು. ಎರಡರಲ್ಲೂ ರಾಗಿ ತುಂಬಿ ನೋಡಿದರೆ ಒಂದು ಬೊಗಸೆ ವ್ಯತ್ಯಾಸ. ನಿಮ್ಮದು ಕಳ್ಳ ಸೇರು, ನಿಮ್ಮದು ಕಳ್ಳ ಸೇರು ಎಂದು ಇಬ್ಬರು ಅಂಗಿ ಹಿಡಿದುಕೊಂಡರು. ಮೇಷ್ಟ್ರು ಕೊಡೆಯಲ್ಲೇ ಇಬ್ಬರನ್ನೂ ಬಿಡಿಸಿ, "ಎರಡೂ ಸರಿಯಾದ ಸೇರೇ ಕಣ್ರೋ. ಯಾರ ಸೇರು ಅಂತ ಮೊದಲು ಕೇಳ್ಕೊಳ್ಳಿ, ಲೆಕ್ಕ ಆಮೇಲೆ" ಎಂದರು. ಎಕ್ಸು ವೈಯು ತಪ್ಪಿದ ದುಃಖ ನನಗೆ ಒಂದು ತಿಂಗಳೂ ಉಳಿಯಲಿಲ್ಲ.

ನೆರಳಿನ ಪಾಠ ಬಂದದ್ದು ಕಾರ್ತಿಕದಲ್ಲಿ. ಆಗ ಹಳ್ಳಿಗಳಲ್ಲಿ ಗಡಿಯಾರ ಎಲ್ಲಿತ್ತು? ನಮ್ಮ ನೆರಳನ್ನು ನಮ್ಮ ಪಾದದಿಂದಲೇ ಅಳೆದು ಹೊತ್ತು ಹೇಳುತ್ತಿದ್ದರು. ನೆಟ್ಟಗೆ ನಿಲ್ಲಬೇಕು, ತಲೆಯ ನೆರಳು ಬಿದ್ದ ಕಡೆ ಒಂದು ಕಲ್ಲು ಇಡಿಸಬೇಕು, ನಿಂತ ಜಾಗದಿಂದ ಆ ಕಲ್ಲಿನವರೆಗೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಪಾದ ಎಣಿಸಬೇಕು. ಮೇಷ್ಟ್ರು ನಮ್ಮೆಲ್ಲರನ್ನೂ ಒಂದೇ ಹೊತ್ತಿಗೆ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಎಣಿಸುವ ಮೊದಲು, ಯಾರಿಗೆ ಹೆಚ್ಚು ಬರುತ್ತದೆ ಎಂದು ಕೇಳಿದರು. ಉದ್ದನೆಯವರಿಗೆ ಎಂದು ಅರ್ಧ ಜನ, ಸಣ್ಣ ಪಾದದವರಿಗೆ ಎಂದು ಅರ್ಧ ಜನ. ಎಣಿಸಿದರೆ, ತೆಂಗಿನ ಮರದ ಹಾಗಿದ್ದ ಹುಡುಗನಿಗೂ ಹತ್ತು, ನನಗೂ ಹತ್ತು, ಎಲ್ಲರಿಗಿಂತ ಗಿಡ್ಡಗಿದ್ದ ನನ್ನ ಗೆಳತಿಗೂ ಹತ್ತು. ಒಂದು ಅರ್ಧ ಪಾದ ಆಚೆ ಈಚೆ ಅಷ್ಟೆ. ಎತ್ತರ ಕಡಿಮೆ ಇದ್ದವನಿಗೆ ನೆರಳೂ ಗಿಡ್ಡ, ಪಾದವೂ ಗಿಡ್ಡ, ಆದ್ದರಿಂದ ಎಣಿಕೆ ಒಂದೇ. ನಾವು ಯಾರೂ ಚಪ್ಪಲಿ ಕಂಡವರಲ್ಲ, ಎಲ್ಲರದೂ ಬರಿಗಾಲು. ನನಗೆ ಆ ದಿನ ಆದ ಖುಷಿ ಎಷ್ಟೆಂದರೆ, ಚಿಕ್ಕಮ್ಮನ ಮನೆಗೆ ಬಂದು ಅವಳ ಐದು ಮಕ್ಕಳನ್ನೂ ಅಂಗಳದಲ್ಲಿ ನಿಲ್ಲಿಸಿ ಅಳೆದುಬಿಟ್ಟೆ.

ಚಿಕ್ಕಮ್ಮನ ಮನೆ ಎಂದೆನಲ್ಲ, ಅದನ್ನು ಹೇಳಬೇಕು. ನಮ್ಮ ಹಳ್ಳಿ ಕಟ್ಟೆಮಳಲವಾಡಿ ದಾಟಿ ಇನ್ನೂ ಒಳಗೆ. ವಾರವಿಡೀ ಹುಣಸೂರಿನಲ್ಲಿ ಚಿಕ್ಕಮ್ಮನ ಜೊತೆ ಇದ್ದು, ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ನಡೆದುಕೊಂಡು ಊರಿಗೆ ಹೋಗುತ್ತಿದ್ದೆ. ನನ್ನ ಊಟಕ್ಕೆ ಅಂತ ವರ್ಷಕ್ಕಾಗುವಷ್ಟು ಭತ್ತ ಊರಿನಿಂದ ಚಿಕ್ಕಮ್ಮನ ಮನೆಗೆ ಹೋಗುತ್ತಿತ್ತು. ಆ ಭತ್ತ ಬೆಳೆಯುತ್ತಿದ್ದುದು ಕೆರೆಯ ಕೆಳಗೆ, ಕಾಲುವೆಯ ಕೊಟ್ಟಕೊನೆಯಲ್ಲಿದ್ದ ನಮ್ಮ ಗದ್ದೆಯಲ್ಲಿ. ಉಳಿದದ್ದೆಲ್ಲ ರಾಗಿ ಹೊಲ. ಮನೆಯ ಯಜಮಾನಿಕೆ ಅಪ್ಪನ ತಾಯಿ, ನಮ್ಮಜ್ಜಿಯದು. ಅವಳು ನನ್ನನ್ನು ಹೈಸ್ಕೂಲಿಗೆ ಕಳಿಸುವಾಗಲೇ ಖಡಾಖಂಡಿತವಾಗಿ ಹೇಳಿದ್ದಳು: "ಗದ್ದೆ ಬೆಳೆದ್ರೆ ಇಸ್ಕೂಲು. ಬೆಳೀಲಿಲ್ವಾ, ಸುಗ್ಗಿ ಆದ್ಮೇಲೆ ಮನೇಲಿರು. ಕಂಡೋರ ಮನೇಲಿ ಬಿಟ್ಟಿ ಉಣ್ಣೋ ವಂಶ ಅಲ್ಲ ನಮ್ದು."

ಆ ವರ್ಷ ಗದ್ದೆ ಬೆಳೆಯುವ ಲಕ್ಷಣ ಕಾಣಲಿಲ್ಲ. ಮಳೆ ಚೆನ್ನಾಗಿತ್ತು, ಕೆರೆ ತುಂಬಿತ್ತು, ಸುತ್ತ ಎಲ್ಲರ ಪೈರೂ ಹಸಿರಾಗಿತ್ತು. ನಮ್ಮ ಗದ್ದೆಯ ಕೆಳಗಿನ ಎರಡು ಪಾತಿ ಮಾತ್ರ ಹಳದಿಗೆ ತಿರುಗಿ ನೆಲ ಬಿರುಕು ಬಿಡುತ್ತಿತ್ತು. ಮಳೆ ನಿಂತ ಮೇಲೆ ಕೆರೆಯ ನೀರನ್ನು ಸರದಿಯ ಮೇಲೆ ಬಿಡುವುದು ನೀರುಗಂಟಿಯ ಕೆಲಸ. ತೂಬು ತೆಗೆಯುವವನೂ ಅವನೇ, ಕಾಲುವೆಯಿಂದ ಗದ್ದೆಗೆ ನೀರು ಹೋಗುವ ಮಡೆ ತಿರುಗಿಸುವವನೂ ಅವನೇ. ಬೆಳಗಾದಾಗಿನಿಂದ ನೆರಳು ಕುಗ್ಗಿ ಹನ್ನೆರಡು ಪಾದಕ್ಕೆ ಬರುವವರೆಗೂ ಮೇಲಿನ ಗದ್ದೆಗಳಿಗೆ ನೀರು. ಅಲ್ಲಿಂದ ಮಧ್ಯಾಹ್ನ ಕಳೆದು ನೆರಳು ಮತ್ತೆ ಹನ್ನೆರಡು ಪಾದಕ್ಕೆ ಬೆಳೆಯುವವರೆಗೂ ನಡುವಿನ ಗದ್ದೆಗಳಿಗೆ. ಆಮೇಲೆ ಹೊತ್ತು ಮುಳುಗುವವರೆಗೆ ಕೊನೆಯ ನಮಗೆ. ತಲೆತಲಾಂತರದ ಕಟ್ಟಳೆ. ನಡುವಿನ ಗದ್ದೆಗಳು ಅಷ್ಟೂ ಊರ ಪಟೇಲರವು.

ನೀರುಗಂಟಿ ಹೊಸಬರು. ಹಳೆಯ ನೀರುಗಂಟಿ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು, ಜಾಗಕ್ಕೆ ಅವರ ಮಗ ಬಂದಿದ್ದರು. ಆಗ ಊರಿನ ಎಲ್ಲರ ಹಾಗೆ ನಾನೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಈಗ ಬರೆಯುವಾಗ ಮನಸ್ಸು ಒಪ್ಪುವುದಿಲ್ಲ. ಅವರು ಎರಡನೆಯ ಮಹಾಯುದ್ಧಕ್ಕೆ ಹೋಗಿದ್ದವರು. ಯುದ್ಧ ಮುಗಿದ ಮೇಲೂ ಮೈಸೂರಿನಲ್ಲಿ ಎಲ್ಲೋ ಕಾವಲು ಕೆಲಸ ಮಾಡಿಕೊಂಡಿದ್ದು ಈಗ ಊರಿಗೆ ಬಂದಿದ್ದರು. ಬರುವಾಗ ಮಿಲಿಟರಿಯ ಕರಿ ಬೂಟು ಹಾಕಿಕೊಂಡು ಬಂದವರು ಅದನ್ನು ಬಿಚ್ಚಲೇ ಇಲ್ಲ. ಬೂಟಿನಲ್ಲೇ ಕೆರೆ ಏರಿಯ ಮೇಲೆ ನಡೆಯುವರು, ಬೂಟಿನಲ್ಲೇ ಕಾಲುವೆಗೆ ಇಳಿಯುವರು. ನಡಿಗೆಯಲ್ಲೂ ಒಂದು ಗತ್ತು, ಒಂದು ಕಾಲನ್ನು ಚೂರು ತಡೆದು ಇಡುತ್ತಿದ್ದರು. ಅವರ ಕೇರಿಯವರೆಲ್ಲ ಪಟೇಲರನ್ನು "ಬುದ್ಧೀ" ಎಂದರೆ ಇವರು "ಸಾರ್" ಎನ್ನುತ್ತಿದ್ದರು. ಊರಿಗೆ ಇದೆಲ್ಲ ಒಳಗೊಳಗೇ ಉರಿ. "ನೀರುಗಂಟಿಗೆ ಬೂಟಂತೆ, ಕಾಲ ಕೆಟ್ಟೋಯ್ತು" ಎಂದು ಅರಳಿಕಟ್ಟೆಯಲ್ಲಿ ಕೂತವರು ಗೊಣಗುತ್ತಿದ್ದರು.

ಅಜ್ಜಿ ಗೊಣಗುವ ಜಾತಿಯವಳಲ್ಲ, ನೇರ ಬೀದಿಗೇ ಇಳಿದಳು. "ಪಟೇಲನ ಮನೇಲಿ ಕಾಪಿ ಕುಡ್ದು ಅವನ ಗದ್ದೆಗೆ ನೀರು ಬುಡ್ತಾ ಅವ್ನೆ, ನಮ್ಮ ಪೈರು ಒಣಗ್ತಾ ಐತೆ. ಕಳ್ಳ ಕಣ್ರವ್ವಾ ಅವ್ನು" ಎಂದು ಬಾವಿಕಟ್ಟೆಯಲ್ಲಿ ಸಾರಿದಳು. ಸೋಮವಾರ ಪಂಚಾಯ್ತಿ ಕೂಡಿಸಿ ಅವರನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಿದಳು. ಶನಿವಾರ ನಾನು ಊರಿಗೆ ಬಂದಾಗ ಈ ಸುದ್ದಿ ಕಾದಿತ್ತು. ಜೊತೆಗೆ ಅಜ್ಜಿಯ ಇನ್ನೊಂದು ಮಾತೂ ಕಾದಿತ್ತು: "ನಿನ್ ಪುಸ್ತಕ ಎಲ್ಲ ವಾಪಸ್ ತಂದ್ಬುಡು ಮಗಾ, ಈ ಸಲ ಬತ್ತ ಆಗೂ ಅಂಗಿಲ್ಲ." ಮೇಷ್ಟ್ರು, ಬಯಲು, ಕೂಗು, ಸೇರು ಎಲ್ಲ ಒಟ್ಟಿಗೆ ಕೈಬಿಟ್ಟು ಹೋಗುತ್ತವೆ ಅನ್ನಿಸಿ ಗದ್ದೆಯ ಬದುವಿನ ಮೇಲೆ ಕೂತು ಅತ್ತೆ.

ಅಳುತ್ತಾ ಕೂತಿದ್ದಾಗಲೇ ಏರಿಯ ಮೇಲೆ ನೀರುಗಂಟಿ ನೆರಳು ಅಳೆಯುವುದು ಕಂಡಿತು. ಅಳೆದು, ಇಳಿದು ಬಂದು, ಮಡೆ ನಮ್ಮ ಕಡೆ ತಿರುಗಿಸಿದರು. ಸುಮ್ಮನೆ, ಸ್ಕೂಲಿನ ಚಟಕ್ಕೆ, ನಾನೂ ಎದ್ದು ನಿಂತು ನನ್ನ ನೆರಳು ಅಳೆದೆ. ಹದಿನಾಲ್ಕು ಬಂತು. ತಪ್ಪಿರಬೇಕೆಂದು ಇನ್ನೊಮ್ಮೆ ಅಳೆದೆ. ಹದಿನಾಲ್ಕರ ಮೇಲೇ ಬಂತು. "ಅಣ್ಣಾ, ನಿಂಗೆ ಎಷ್ಟು ಬಂತು?" ಎಂದು ಕೂಗಿ ಕೇಳಿದೆ. "ಹನ್ನೆರಡು ಕಣವ್ವ. ಯಾಕೆ?" ಎಂದರು. ಎಲ್ಲರಿಗೂ ಒಂದೇ ಬರಬೇಕಲ್ಲ. ಹಾಗಾದರೆ ಮೇಷ್ಟ್ರು ಹೇಳಿದ್ದು ಸುಳ್ಳೋ, ಇವರು ಹೇಳುತ್ತಿರುವುದು ಸುಳ್ಳೋ ಎಂದು ಯೋಚಿಸುತ್ತಾ ಅವರ ಕಡೆ ನೋಡಿದೆ. ಕಾಲುವೆಯ ಕೆಸರಿನಲ್ಲಿ ಅವರ ಹೆಜ್ಜೆ ಗುರುತು ಮೂಡಿತ್ತು, ನನ್ನ ಪಾದದ ಒಂದೂವರೆಯಷ್ಟು ಉದ್ದ.

ಯಾರ ಪಾದ? ಇವರು ಎಣಿಸುತ್ತಿದ್ದುದು ಪಾದವನ್ನಲ್ಲ, ಬೂಟನ್ನು. ಬೂಟು ಹಾಕಿದರೆ ಪಾದ ಎರಡು ಅಂಗುಲ ಉದ್ದವಾಗುತ್ತದೆ, ಆದರೆ ಆಳು ಅದಕ್ಕೆ ತಕ್ಕ ಹಾಗೆ ಎತ್ತರವಾಗುವುದಿಲ್ಲವಲ್ಲ. ಅವರ ಹನ್ನೆರಡು ಬರುವ ಹೊತ್ತಿಗೆ ಬರಿಗಾಲಿನ ಹದಿನಾಲ್ಕು ಆಗಿರುತ್ತದೆ. ಸಂಜೆ ನಮ್ಮ ಸರದಿ ತಡವಾಗಿ ಶುರು. ಬೆಳಗಿನ ಹೊತ್ತು ಮೇಲಿನವರದ್ದು ಬೇಗ ಮುಗಿದುಹೋಗುತ್ತದೆ, ಅವರು ತೂಬಿನ ಪಕ್ಕದಲ್ಲೇ ಇರುವುದರಿಂದ ಗೊತ್ತಾಗಿಲ್ಲ. ಎರಡೂ ಕಡೆಯಿಂದ ಉಳಿದದ್ದು ಪಟೇಲರ ಗದ್ದೆಗೆ. ನಾನು ಕುಣಿದುಬಿಟ್ಟೆ. ಅಜ್ಜಿಯ ಹತ್ತಿರ ಓಡಿ, "ಅವ್ನು ಕಳ್ಳ ಅಲ್ಲ ಕಣಜ್ಜಿ, ಬೂಟು ಕಳ್ಳ" ಎಂದೆ. ಅಜ್ಜಿ ಅರ್ಧ ಮಾತ್ರ ನಂಬಿದಳು. "ತೋರ್ಸು ಬಾ ನಾಳೆ, ಆ ಪಟೇಲನೂ ಬರ್ಲಿ" ಎಂದಳು.

ಭಾನುವಾರ ಹೊತ್ತು ಇಳಿಯುವಾಗ ಏರಿಯ ಮೇಲೆ ಐದು ಜನ ಸೇರಿದೆವು: ಅಜ್ಜಿ, ಅಪ್ಪ, ಪಟೇಲರು, ನೀರುಗಂಟಿ, ನಾನು. ನೀರುಗಂಟಿ ಅಳೆದು ಹನ್ನೆರಡು ಎಂದರು. ನಾನು ಅಳೆದೆ, ಹದಿನಾಲ್ಕು. "ನಿಂದು ಸಣ್ಣ ಪಾದ ಕಣಮ್ಮ, ಅದಕ್ಕೇ ಜಾಸ್ತಿ" ಎಂದು ಪಟೇಲರು ನಕ್ಕರು. "ನನ್ ನೆರಳೂ ಸಣ್ಣದಲ್ವಾ ಪಟೇಲ್ರೇ. ನೀವೇ ಅಳೀರಿ, ಮೆಟ್ಟು ಬಿಟ್ಟು, ಪೇಟ ತೆಗೆದು" ಎಂದೆ. ಊರ ಪಟೇಲರ ಪೇಟ ತೆಗೆಸಿದ ಧೈರ್ಯ ಎಲ್ಲಿಂದ ಬಂತೋ. ಅವರು ತಮಾಷೆಗೆ ಅಂತಲೇ ಶುರು ಮಾಡಿದರು, ಹದಿನಾಲ್ಕಕ್ಕೆ ಬಂದು ನಿಂತಾಗ ಮುಖ ಸಣ್ಣಗಾಗಿತ್ತು. ಅಪ್ಪ ಅಳೆದ, ಹದಿನಾಲ್ಕು. ಒನಕೆಯ ಹಾಗೆ ನೆಟ್ಟಗಿದ್ದ ಅಜ್ಜಿ ಸೀರೆ ಎತ್ತಿ ಕಟ್ಟಿ ಅಳೆದಳು, ಹದಿನಾಲ್ಕೂ ಚೂರು.

"ನಂಗೇನು ಗೊತ್ತು, ನೀರು ಜಾಸ್ತಿ ಬಂದ್ರೆ ಬ್ಯಾಡ ಅನ್ನಕ್ಕಾಯ್ತದಾ?" ಎಂದರು ಪಟೇಲರು. ಅದೂ ನಿಜವೇ.

ನಾನು ಗೆದ್ದ ಉತ್ಸಾಹದಲ್ಲಿ ನೀರುಗಂಟಿಯನ್ನು ತೋರಿಸಿ, ಮೇಷ್ಟ್ರ ಹಾಗೇ ಕೈಯಾಡಿಸುತ್ತಾ, "ಈಗ ಬೂಟು ಬಿಚ್ಚಿ ಅಳೀಲಿ, ಅವ್ನಿಗೂ ಹದಿನಾಲ್ಕೇ ಬತ್ತದೆ" ಎಂದೆ.

"ನಾಳೆ ಬಿಚ್ತೀನಿ" ಎಂದರು ಅವರು.

"ನಾಳೆ ಯಾಕ್ಲಾ, ನಿನ್ ಕಾಲೇನು ಮದುವಣಗಿತ್ತಿಯಾ, ಮುಚ್ಚಿಟ್ಕಳಕ್ಕೆ? ಈಗ್ಲೇ ಬಿಚ್ಚು" ಎಂದಳು ಅಜ್ಜಿ. "ಬಿಚ್ಚಿ ಎಣಿಸ್ದೆ ನಾನು ಒಪ್ಪಲ್ಲ. ನಾಳೆ ಪಂಚಾಯ್ತಿ ಐತೆ."

ಅವರು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಏರಿಯ ಕಲ್ಲಿನ ಮೇಲೆ ಕೂತು ಬೂಟಿನ ಲಾಡಿ ಬಿಚ್ಚಿದರು. ಎಡಗಾಲು ಸಲೀಸಾಗಿ ಬಂತು. ಬಲಗಾಲಿನ ಬೂಟು ಎಳೆದಾಗ ಅದರೊಳಗಿನಿಂದ ಬಟ್ಟೆಯ ಒಂದು ಉಂಡೆ ಹೊರಳಿ ನೆಲಕ್ಕೆ ಬಿತ್ತು. ಆ ಕಾಲಿಗೆ ಬೆರಳುಗಳಿರಲಿಲ್ಲ. ಪಾದದ ಮುಂದಿನ ಅರ್ಧವೇ ಇರಲಿಲ್ಲ. ಉಳಿದದ್ದು ಹೊಳೆಯುವ ಚರ್ಮ ಸುತ್ತಿದ ಒಂದು ತುಂಡು.

"ಬರ್ಮಾದಾಗೆ ಓಯ್ತು. ನಮ್ಮವ್ವಂಗೂ ಸರಿಯಾಗಿ ಗೊತ್ತಿಲ್ಲ" ಎಂದರು. ಅವರು ಎದ್ದು, ನೆಲದ ಮೇಲೆ ಆ ಎರಡು ಕಾಲನ್ನೂ ಒಂದರ ಮುಂದೆ ಒಂದಿಟ್ಟು, ಬೀಳದ ಹಾಗೆ ಕೈ ಅಗಲಿಸಿಕೊಂಡು, ಕೊನೆಯವರೆಗೂ ಎಣಿಸಿದರು. "ಹದಿನೆಂಟೂವರೆ" ಎಂದರು. ಆಮೇಲೆ ಅವರೇ ನಕ್ಕರು. "ಈ ಕಾಲು ನಂಬ್ಕಂಡ್ರೆ ಈ ದೊಡ್ಡವ್ವಾರ ಗದ್ದೆಗೆ ಅರ್ಧ ಗಂಟೆ ಮುಂಚೇನೇ ನೀರು ಬುಡಬೇಕಾಯ್ತದೆ. ಪಟೇಲ್ರು ಒಪ್ತೀರಾ ಸಾರ್?"

ಪಟೇಲರು ಕೆರೆಯ ಕಡೆ ತಿರುಗಿ ನಿಂತಿದ್ದರು. ಅಪ್ಪ ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಳ್ಳುತ್ತಲೇ ಇದ್ದ. ಅಜ್ಜಿ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಉಂಡೆಯನ್ನು ಎತ್ತಿಕೊಂಡು, ಮಣ್ಣು ಕೊಡವಿ, ಅವರ ಕೈಗೆ ಕೊಟ್ಟಳು. ಅವಳು ಆ ಕೇರಿಯ ಯಾರ ಕೈಗೂ ಏನನ್ನೂ ಮುಟ್ಟಿಸಿ ಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಮಾತಾಡದೆ ಇದ್ದಿದ್ದರೆ ಆ ಬೂಟು ಬಿಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ.

ಸೋಮವಾರದ ಪಂಚಾಯ್ತಿಗೆ ಊರೆಲ್ಲ ಬಂದಿತ್ತು. ಅಜ್ಜಿಯ ಜಗಳ ಎಂದರೆ ಯಾರು ತಪ್ಪಿಸಿಕೊಳ್ಳುತ್ತಾರೆ? ನಾನೂ ಸ್ಕೂಲು ತಪ್ಪಿಸಿ ಉಳಿದಿದ್ದೆ. ಅಜ್ಜಿ ಎದ್ದು ನಿಂತು, "ನಂದೇ ತಪ್ಪು. ವಯಸ್ಸಾಯ್ತು, ನೆರಳು ಎಣ್ಸೋದ್ರಲ್ಲಿ ಎಡವಟ್ಟು ಮಾಡ್ಕಂಡಿದ್ದೆ. ನೀರುಗಂಟಿದು ಏನೂ ತಪ್ಪಿಲ್ಲ" ಎಂದು ಹೇಳಿ ಕೂತುಬಿಟ್ಟಳು. ಪಟೇಲರು "ಆಯ್ತು ಬುಡಿ" ಎಂದರು. ಜನ ಬಿದ್ದು ಬಿದ್ದು ನಕ್ಕರು. ಎಷ್ಟೋ ವಾರ ಅವಳು ಬೀದಿಯಲ್ಲಿ ಹೋದರೆ "ಅಜ್ಜೀ, ಒತ್ತೆಷ್ಟಾಯ್ತು?" ಎಂದು ಹುಡುಗರು ಕೂಗುತ್ತಿದ್ದರು. ಯಾರಿಗೂ ಒಂದು ಮಾತು ಸೋಲದ ನಮ್ಮಜ್ಜಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಸಾಯುವವರೆಗೂ ಆ ಕಾಲಿನ ವಿಷಯ ಬಾಯಿ ಬಿಡಲಿಲ್ಲ. ಆ ವಾರವೆಲ್ಲ ಹೊತ್ತಿಗೆ ಸರಿಯಾಗಿ ಅಪ್ಪ ಏರಿಯ ಮೇಲೆ ಹೋಗಿ ನೀರುಗಂಟಿಯ ಪಕ್ಕ ನಿಂತು ತನ್ನ ನೆರಳು ಅಳೆದು ಹೇಳುತ್ತಿದ್ದ. ನಮ್ಮ ಸರದಿಗೆ ದಿನಕ್ಕೆ ಮೊದಲಿಗಿಂತ ಕಾಲು ಗಂಟೆ ಹೆಚ್ಚು ನೀರು ಸಿಕ್ಕಿತು. ಕೆಳಗಿನ ಪಾತಿಗಳು ಚೇತರಿಸಿಕೊಂಡವು. ನನ್ನ ಪುಸ್ತಕ ವಾಪಸು ತರುವ ಮಾತನ್ನು ಅಜ್ಜಿ ಮತ್ತೆ ಎತ್ತಲಿಲ್ಲ.

ಹುಣಸೂರಿಗೆ ಹೋದ ಮೇಲೆ, ಸೋಮವಾರ ಯಾಕೆ ಬರಲಿಲ್ಲ ಎಂದು ಮೇಷ್ಟ್ರು ಕೇಳಿದರು. ನೆರಳಿನ ಲೆಕ್ಕ ಊರಲ್ಲಿ ಉಪಯೋಗಕ್ಕೆ ಬಂತು ಎಂದೆ. ಅವರಿಗೆ ಹಿಗ್ಗೋ ಹಿಗ್ಗು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತಾ ಎಂದರು. ಬರೆದೆ. ಬೂಟು ಬರೆದೆ, ಹನ್ನೆರಡು ಬರೆದೆ, ಹದಿನಾಲ್ಕು ಬರೆದೆ. ಕೊನೆಗೆ "ನೀರುಗಂಟಿಯ ಬೂಟು ಬಿಚ್ಚಿಸಿ ನೋಡಲಾಯಿತು" ಎಂದಷ್ಟೇ ಬರೆದು ನಿಲ್ಲಿಸಿದೆ. ಮೇಷ್ಟ್ರು ಹತ್ತಕ್ಕೆ ಒಂಬತ್ತು ಕೊಟ್ಟು, ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಬಿಚ್ಚಿಸುವ ಅಗತ್ಯವಿರಲಿಲ್ಲ. ಹದಿನಾಲ್ಕಕ್ಕೆ ಹನ್ನೆರಡಾದರೆ ಹನ್ನೆರಡಕ್ಕೆ ಎಷ್ಟು? ತ್ರೈರಾಶಿ ಹಾಕು."

ಹಾಕಿದೆ. ಹತ್ತೂಕಾಲು ಬಂತು. ಬೂಟಿನಲ್ಲಿ ಹತ್ತೂಕಾಲು ಎಣಿಸಿದರೆ ಬರಿಗಾಲಿನ ಹನ್ನೆರಡು ಸರಿಹೋಗುತ್ತದೆ. ಏರಿಯ ಮೇಲೆ ನಿಂತಾಗ ಈ ಒಂದು ಸಾಲು ಹೊಳೆದಿದ್ದರೆ ಸಾಕಿತ್ತು. ತರಗತಿಯಲ್ಲೇ ಕಣ್ಣಲ್ಲಿ ನೀರು ಬಂತು. ಪಕ್ಕದ ಗೆಳತಿ, ಒಂದು ಮಾರ್ಕು ಹೋದದ್ದಕ್ಕೆ ಯಾರಾದರೂ ಅಳುತ್ತಾರಾ ಎಂದು ತಿವಿದಳು.

ಆ ಶನಿವಾರ ಊರಿಗೆ ಹೋದವಳು ಮನೆಗೆ ಹೋಗದೆ ನೇರ ಕೆರೆ ಏರಿ ಹತ್ತಿದೆ. ನೀರುಗಂಟಿ ಬೂಟು ಹಾಕಿಕೊಂಡು ಅಪ್ಪನಿಗಾಗಿ ಕಾಯುತ್ತಾ ಕೂತಿದ್ದರು. "ಅಣ್ಣಾ, ಇನ್ನು ಅಪ್ಪ ಬರೋದು ಬ್ಯಾಡ. ಬೂಟಿನಾಗೇ ಹತ್ತೂಕಾಲು ಎಣ್ಸಿ, ಸರಿಹೋಯ್ತದೆ" ಎಂದೆ.

ಅವರು ತಲೆಯಾಡಿಸಿದರು. "ಗೊತ್ತು ಕಣವ್ವ. ನೀನು ಹದಿನಾಲ್ಕು ಅಂದೇಟ್ಗೇ ಲೆಕ್ಕ ಹಾಕ್ಕಂಡೆ. ಮಿಲಿಟ್ರಿಲಿ ನಂಗೂ ಕಲ್ಸಿದ್ರು."

"ಮತ್ತೆ ಅವತ್ತೇ ಯಾಕೆ ಅನ್ನಲಿಲ್ಲ?"

"ನೀನು ಅಂದಿದ್ದನ್ನೇ ನಿಮ್ಮಜ್ಜಿ ಅರ್ಧ ನಂಬಿದ್ರು" ಎಂದರು. "ನಾನು ಬೂಟಲ್ಲೇ ನಿಂತ್ಕಂಡು ಹತ್ತೂಕಾಲು ಅಂದಿದ್ರೆ ಯಾರವ್ವ ನಂಬ್ತಿದ್ರು?"

ಅಷ್ಟು ಹೇಳಿ ಎದ್ದು, ತಲೆಯ ನೆರಳು ಬಿದ್ದ ಕಡೆ ಕಲ್ಲು ಇಡು ಎಂದರು. ಇಟ್ಟೆ. ಬೂಟಿನಲ್ಲಿ ಹತ್ತೂಕಾಲು ಎಣಿಸಿ, ಇಳಿದು ಹೋಗಿ, ನಮ್ಮ ಗದ್ದೆಗೆ ನೀರು ತಿರುಗಿಸಿದರು.